ಎದೆಮಟ್ಟದ ಗೋಡೆ

ಅಂತಿಯೋಕ್ಯ,
ಪಸ್ಕಹಬ್ಬ ಕಳೆದ ನಾಲ್ಕನೆಯ ವಾರ, ಸಬ್ಬತ್ತಿನ ಮಾರನೆಯ ಬೆಳಿಗ್ಗೆ.

ಪ್ರೀತಿಯ ತಮ್ಮ ತಲ್ಮೋನನಿಗೆ ಅಕ್ಕ ತಿರ್ಚಾ ಸಮಾಧಾನ ಕೋರಿ ಬರೆಯುತ್ತಿರುವುದು.

ಹೇಗಿದ್ದೀಯಪ್ಪಾ? ಮೊಣಕಾಲು ನೋವು ಕಡಿಮೆಯಾಯಿತೇ? ದೇವಾಲಯದ ತಣ್ಣನೆಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಕಾವಲು ನಿಲ್ಲುವ ಲೇವಿಯರಿಗೆ ಈ ನೋವು ತಪ್ಪಿದ್ದಲ್ಲ ಎಂದು ಅಪ್ಪ ಹೇಳುತ್ತಿದ್ದರು. ಎಣ್ಣೆ ಬಿಸಿ ಮಾಡಿಸಿ ತಿಕ್ಕಿಸಿಕೋ. ನೀನು ಸೋಮಾರಿ, ನನಗೆ ಗೊತ್ತು. ನಿನ್ನ ಹೆಂಡತಿಗೆ ಹೇಳು. ಅವಳಿಗೆ ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ನಿನ್ನ ಕಾಲಿನ ಮೇಲೆ ಸಿಟ್ಟಿರಲಾರದು. ಈ ಬರಗಾಲದಲ್ಲಿ ಹೊಟ್ಟೆಗೆ ಏನು ಮಾಡಿಕೊಳ್ಳುತ್ತಿದ್ದೀರಿ? ಯೂದಾಯದ ಕಡೆ ಜನ ಹುಲ್ಲಿನ ಬೀಜ ಬೀಸಿ ತಿನ್ನುತ್ತಿದ್ದಾರೆಂದು ಕೇಳಿದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ನಿಮ್ಮದೇ ಯೋಚನೆ. ಇಲ್ಲಿ ನಮ್ಮ ಯೆಮೀಮಾಗೆ ಮುಂದಿನ ಹಲ್ಲು ಬಿದ್ದಿದೆ. ಮೂಗು ನಿನ್ನದೇ, ಹಟವೂ ನಿನ್ನದೇ. ಸೋದರಮಾವ ಎಂದರೆ ಯಾರೆಂದು ಕೇಳುತ್ತಾಳೆ. ದೇವರ ಮನೆಯ ಬಾಗಿಲು ಕಾಯುವವನು ಎಂದು ಹೇಳಿದ್ದೇನೆ. ಅದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ.

ಇನ್ನು ನನ್ನ ಸಮಾಚಾರ. ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾದೀತು. ಹೆದರಿಕೊಂಡಿದ್ದೇನೆ, ತಲ್ಮೋನ. ನಿನ್ನ ಭಾವ ಅರಿಸ್ತೋನರು ಯೆರೂಸಲೇಮಿಗೆ ಹೊರಟು ಹೋಗಿದ್ದಾರೆ. ನಮ್ಮ ಸಭೆಯವರು ಅಲ್ಲಿಯ ಹಸಿದವರಿಗೆಂದು ಧಾನ್ಯ ಒಟ್ಟುಮಾಡಿದರು. ಅದನ್ನು ಕೊಂಡೊಯ್ಯುವ ಗುಂಪಿನಲ್ಲಿ ಅವರೂ ಒಬ್ಬರು. ಅಷ್ಟೇ ಆಗಿದ್ದರೆ ನಾನು ಬುತ್ತಿ ಕಟ್ಟಿ ಕಳಿಸಿ ನೆಮ್ಮದಿಯಾಗಿ ಇರುತ್ತಿದ್ದೆ. ಆದರೆ ಅವರು ಹೋಗಿರುವುದು ಬೇರೆ ಉದ್ದೇಶಕ್ಕೆ. ದೇವಾಲಯದಲ್ಲಿ ಯೆಹೂದ್ಯರಲ್ಲದ ಅನ್ಯಜನರಿಗೆಂದು ಬಿಟ್ಟ ಹೊರಗಿನ ಅಂಗಳದಲ್ಲಿ ನಿಲ್ಲದೆ, ನಡುವಿನ ಕಲ್ಲಿನ ಗೋಡೆ ದಾಟಿ, ಒಳಗೆ ಇಸ್ರಾಯೇಲರ ಜೊತೆ ನಿಂತು ಪ್ರಾರ್ಥಿಸಬೇಕೆಂದು ನಿರ್ಧರಿಸಿಕೊಂಡು ಹೋಗಿದ್ದಾರೆ. ಅವರಂಥ ಗ್ರೀಕನೊಬ್ಬ ಆ ಗೋಡೆ ದಾಟಿ ಸಿಕ್ಕಿಬಿದ್ದರೆ ಜನ ಅವನನ್ನು ಏನು ಮಾಡುತ್ತಾರೆಂದು ಆ ಗೋಡೆಯನ್ನೇ ಕಾಯುವ ನಿನಗೆ ನಾನು ಹೇಳಬೇಕಿಲ್ಲ.

ಆ ಗೋಡೆಯ ವಿಷಯ ಅವರು ಕೇಳಿದ್ದೇ ನಿನ್ನ ಬಾಯಿಂದ. ಅಪ್ಪ ತೀರಿಕೊಂಡಾಗ ಬಂದು ನಮ್ಮ ಮನೆಯಲ್ಲಿ ದುಃಖಕ್ಕೆ ಕೂತಿದ್ದೆಯಲ್ಲ, ಆಗ. ಗ್ರೀಕನ ಮನೆಯ ಅಡುಗೆ ಎಂದು ಏನೂ ಮುಟ್ಟದೆ, ನೀನೇ ತಂದ ಸೋರೆಬುರುಡೆಯ ನೀರು ಕುಡಿದುಕೊಂಡು ಕೂತಿದ್ದೆ. “ಪಾಪ, ಹಸ್ಕೊಂಡು ಕೂತಿದಾನೆ ಕಣೇ. ಸಿಪ್ಪೆ ಇರೋ ಹಣ್ಣಾದ್ರೂ ತಿಂತಾನೇನೋ ಕೇಳು” ಎಂದು ಅರಿಸ್ತೋನರೇ ಪೇಟೆಗೆ ಓಡಿ ದಾಳಿಂಬೆ ತಂದರು. ನೀನು ಹಣ್ಣು ಬಿಡಿಸುತ್ತ ದೇವಾಲಯದ ವೈಭವವನ್ನೆಲ್ಲ ನನಗೆ ವರ್ಣಿಸಿದೆ. ಎದೆಮಟ್ಟದ ಗೋಡೆ, ಅದರ ಉದ್ದಕ್ಕೂ ಗ್ರೀಕ್ ಅಕ್ಷರದಲ್ಲಿ ಕೆತ್ತಿದ ಎಚ್ಚರಿಕೆ, ದಾಟಿದ ಪರಕೀಯನ ಸಾವಿಗೆ ಅವನೇ ಹೊಣೆ ಎಂಬ ಮಾತು. ಒಲೆಯ ಹತ್ತಿರ ಹಿಟ್ಟು ನಾದುತ್ತಿದ್ದ ಅವರು ಅಲ್ಲಿಂದಲೇ “ಎದೆಮಟ್ಟ ಅಂದ್ರೆ ಯಾರ ಎದೆಮಟ್ಟ ಮಾರಾಯ? ನಿನ್ನದೋ ನನ್ನದೋ? ನಿನ್ನದಾದ್ರೆ ನನಗೆ ಸೊಂಟಕ್ಕೆ ಬರುತ್ತೆ” ಎಂದರು. ಆ ದುಃಖದಲ್ಲೂ ನೀನು ನಕ್ಕೆ. ಬೇಗ ಮುಖ ತಿರುಗಿಸಿಕೊಂಡೆ, ಆದರೆ ನಾನು ನೋಡಿದೆ. ಅವತ್ತು ಅದು ತಮಾಷೆಯಾಗಿತ್ತು.

ಈಗ ಇಲ್ಲಿ ನಡೆದದ್ದನ್ನು ಹೇಳುತ್ತೇನೆ. ಯೇಸುವಿನ ಹೆಸರೆತ್ತಿದರೆ ನಿನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಸಹಿಸಿಕೊಂಡು ಓದು. ಆತನನ್ನು ನಂಬಿದ ನಾವು, ಯೆಹೂದ್ಯರೂ ಗ್ರೀಕರೂ ಸಿರಿಯದವರೂ, ವಾರದ ಮೊದಲ ದಿನ ಹಿರಿಯರಾದ ಮತ್ತನ್ಯರ ಅಂಗಳದಲ್ಲಿ ಚಾಪೆ ಹಾಕಿಕೊಂಡು ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದೆವು. ಆತನ ಸಾವಿನಲ್ಲಿ ನಮ್ಮ ನಡುವಿನ ಗೋಡೆ ಕುಸಿದುಬಿತ್ತು, ಎರಡು ಜನಾಂಗ ಇದ್ದದ್ದು ಒಂದೇ ಮನೆಯಾಯಿತು ಎಂದು ಬೋಧಕರು ಹೇಳುತ್ತಿದ್ದರು. ನಾವು ಮುರಿಯುವ ರೊಟ್ಟಿ ನಿನ್ನ ಭಾವ ಸುಟ್ಟದ್ದು, ನಮ್ಮ ಒಲೆಯದು. ಹಿಟ್ಟು ನಾದಿದ ಮೇಲೆ ದೇವರ ಪಾಲೆಂದು ಚಿಟಿಕೆ ಕಣಕ ಬೆಂಕಿಗೆ ಹಾಕುವುದನ್ನು ಮದುವೆಯಾದ ಹೊಸದರಲ್ಲಿ ನಾನು ಅವರಿಗೆ ಕಲಿಸಿದೆ. ಲೇವಿಯ ಮಗಳಾದ ನಾನು ಎಷ್ಟೋ ಸಲ ಮರೆಯುತ್ತೇನೆ, ಅವರು ಒಂದು ದಿನವೂ ಮರೆತಿಲ್ಲ.

ಚಳಿಗಾಲದ ಕೊನೆಯಲ್ಲಿ ಯೆರೂಸಲೇಮಿನಿಂದ ಕೆಲವರು ಬಂದರು. ಅವರೂ ಯೇಸುವನ್ನು ನಂಬಿದವರೇ, ಆದರೆ ಬಹಳ ಮಡಿವಂತರು. ಪಂಕ್ತಿ ನೋಡಿ ಹೊಸಿಲಲ್ಲೇ ನಿಂತರು. “ಸುನ್ನತಿ ಆಗದವನು ಸುಟ್ಟ ರೊಟ್ಟಿ ನಮ್ಮ ಗಂಟಲಲ್ಲಿ ಇಳಿಯಲ್ಲ” ಎಂದು ಒಬ್ಬ ಹೇಳಿದ, ಜೋರಾಗಿಯೂ ಅಲ್ಲ. ಯಾರೂ ಜಗಳವಾಡಲಿಲ್ಲ. ಮುಂದಿನ ವಾರ ಹೋದಾಗ ಅಂಗಳದಲ್ಲಿ ಎರಡು ಪಂಕ್ತಿ ಹಾಕಿದ್ದರು. ಬಾವಿಯ ಈಚೆಗೆ ಅನ್ಯಜನರಿಗೊಂದು, ಆಚೆಗೆ ಯೆಹೂದ್ಯರಿಗೊಂದು. ಮತ್ತನ್ಯರು ನನ್ನ ಮುಖ ನೋಡದೆ, “ಸ್ವಲ್ಪ ದಿನ ಅಷ್ಟೇ ಕಣಮ್ಮ. ಬಂದೋರು ಹೊರಟುಹೋಗಲಿ, ಆಮೇಲೆ ಮೊದಲಿನ ಹಾಗೇ ಕೂರೋಣ. ಮನಸ್ಸಲ್ಲಿ ಒಂದಾಗಿದ್ರೆ ಸಾಕಲ್ವಾ?” ಎಂದರು. ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಹೋಗಿ ಗಂಡನ ಪಕ್ಕದಲ್ಲೇ ಕೂತೆ, ನಡುವೆ ಮಗಳನ್ನು ಕೂರಿಸಿಕೊಂಡೆ.

ಆಗ ಮತ್ತನ್ಯರ ಹೆಂಡತಿ ಬಂದು, “ನೀನು ಬೇಕಾದ್ರೆ ಇಲ್ಲೇ ಇರಮ್ಮ, ನಿನ್ನಿಷ್ಟ. ತಾಯಿ ನಮ್ಮವಳು, ಮಗು ನಮ್ಮದು” ಎಂದು ಯೆಮೀಮಾಳ ರಟ್ಟೆ ಹಿಡಿದು ಆಚೆ ಪಂಕ್ತಿಗೆ ಕರೆದುಕೊಂಡು ಹೋದಳು. ಮಗುವಿಗೇನು ಗೊತ್ತು? ಅಲ್ಲಿ ಜೇನು ಹಚ್ಚಿದ ಅಂಜೂರ ಇತ್ತು, ಕುಣಿಯುತ್ತ ಹೋಯಿತು. ಕೂತ ಮೇಲೆ ಪಕ್ಕದ ಚಾಪೆಯನ್ನು ಕೈಯಿಂದ ತಟ್ಟುತ್ತ, “ಅಪ್ಪಾ, ಇಲ್ಲಿ ಜಾಗ ಇದೆ! ಬಾ!” ಎಂದು ಕೂಗಿತು. ಇಡೀ ಅಂಗಳ ತಲೆತಗ್ಗಿಸಿತು. ಮಗು ಮತ್ತೆ ಕೂಗಿತು. “ನೀನು ತಿನ್ನು ಪುಟ್ಟಿ, ನಾನು ಆಮೇಲೆ ಬರ್ತೀನಿ” ಎಂದು ಅವರು ನಗುತ್ತ ಹೇಳಿ, ತಂದ ರೊಟ್ಟಿಯನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿಟ್ಟರು.

ಮನೆಗೆ ಬರುವ ದಾರಿಯಲ್ಲಿ ಅವರು ಯಾರನ್ನೂ ಬೈಯಲಿಲ್ಲ. “ಮತ್ತನ್ಯ ಕೆಟ್ಟೋನಲ್ಲ ಕಣೇ, ಹೆದರಿದಾನೆ. ಆ ಗೋಡೆ ಅಲ್ಲಿ ನಿಂತಿರೋವರೆಗೂ ಜನ ಅದರ ನೆರಳನ್ನ ಇಲ್ಲೀವರೆಗೂ ಎಳ್ಕೊಂಡು ಬರ್ತಾರೆ” ಎಂದರು. ಮನೆಯ ಓಣಿಗೆ ತಿರುಗುತ್ತ, “ಮಗಳಿಗೆ ಆಮೇಲೆ ಬರ್ತೀನಿ ಅಂದೆ. ಯಾವಾಗ ಬರೋದು, ಹೇಳು?” ಎಂದರು. ಸುನ್ನತಿ ಮಾಡಿಸಿಕೊಂಡರೆ ಎಲ್ಲ ಸರಿಹೋಗುತ್ತದೆಂದು ಹಲವರು ಕಿವಿ ಕಚ್ಚಿದರು. ಅವರು ಒಪ್ಪಲಿಲ್ಲ. ಸುನ್ನತಿ ಇಲ್ಲದ ತನ್ನನ್ನು ಹಾಗೇ ಕರೆದು ಒಳಗೆ ಸೇರಿಸಿಕೊಂಡ ದೇವರು ಈಗ ಮಾತು ಬದಲಿಸುತ್ತಾನೆಯೇ ಎಂಬುದು ಅವರ ವಾದ.

ಆಮೇಲೆ ಅವರು ಗಡ್ಡ ಬಿಟ್ಟರು. ದೇವಾಲಯದಲ್ಲಿ ಜನ ಎಲ್ಲಿ ಬಾಗುತ್ತಾರೆ, ಎಲ್ಲಿ ಆಮೆನ್ ಎನ್ನುತ್ತಾರೆ, ಯಾವ ಕೀರ್ತನೆಗೆ ಕೈ ಎತ್ತುತ್ತಾರೆ ಎಂದು ನನ್ನನ್ನು ಕೇಳಿ ಕೇಳಿ ಕಲಿತರು. ಮಗಳಿಗೆ ಕಲಿಸುವುದಕ್ಕೆ ಇರಬೇಕು ಎಂದುಕೊಂಡು ಸಂತೋಷದಿಂದ ಹೇಳಿಕೊಟ್ಟೆ. ಹೊರಡುವ ದಿನ ಹೊಸಿಲಲ್ಲಿ ನಿಂತು, “ಗೋಡೆ ಎಲ್ಲಿ ಕಟ್ಟಿದಾರೋ ಅಲ್ಲೇ ಹೋಗಿ ದಾಟಿ ಬರ್ತೀನಿ. ಆಮೇಲೆ ಯಾವ ಅಂಗಳದಲ್ಲಿ ಯಾರು ನನ್ನ ಏಳು ಅಂತಾರೋ ನೋಡೋಣ” ಎಂದರು. ಬಾಯಿಮಾತು ಎಂದುಕೊಂಡೆ. ಅವರು ಹೋದ ಮೇಲೆ ಒಳಗೆ ಬಂದು ನೋಡುತ್ತೇನೆ, ಅಪ್ಪ ಪ್ರಾರ್ಥನೆಗೆ ಹೊದೆಯುತ್ತಿದ್ದ ಗೊಂಡೆಯ ಶಾಲು ಗೂಟದ ಮೇಲಿಲ್ಲ. ಆಗ ಎಲ್ಲ ಅರ್ಥವಾಯಿತು. ಯೆಹೂದ್ಯನ ಗಡ್ಡ, ಯೆಹೂದ್ಯನ ಗೊಂಡೆ, ನಾಲಿಗೆಯ ತುದಿಯಲ್ಲಿ ನಮ್ಮ ಕೀರ್ತನೆ. ಯಾವ ಕಾವಲುಗಾರ ತಡೆಯುತ್ತಾನೆ ಅವರನ್ನು? ದಾಟುವುದು ಸುಲಭ. ಆದರೆ ಒಳಗೆ ಹೋದ ಮೇಲೆ ಅಂತಿಯೋಕ್ಯದಿಂದ ಅಲ್ಲಿಗೆ ಬಂದ ಯಾವನಾದರೂ ಒಬ್ಬ “ಅಯ್ಯೋ, ಇವನು ರೊಟ್ಟಿ ಮಾಡೋ ಗ್ರೀಕ ಅಲ್ವಾ?” ಎಂದರೆ ಸಾಕು.

ನೆರೆಯವಳು, “ಏನೂ ಆಗಲ್ಲ ಬಿಡೇ. ಹಿಟ್ಟು ನಾದೋನಿಗೆ ಅಷ್ಟು ಗುಂಡಿಗೆ ಎಲ್ಲಿಂದ ಬರುತ್ತೆ?” ಎನ್ನುತ್ತಾಳೆ. ಅವಳಿಗೆ ಇವರು ಗೊತ್ತಿಲ್ಲ. ಮೊನ್ನೆ ಮತ್ತನ್ಯರು ಬಂದು ಗೋಳೋ ಎಂದು ಅತ್ತರು. ಎರಡು ಪಂಕ್ತಿ ತೆಗೆದು ಒಂದು ಮಾಡುತ್ತಾರಂತೆ. ಮಾಡಿಕೊಳ್ಳಲಿ. ಅದರಲ್ಲಿ ಕೂರಬೇಕಾದವರು ಊರಲ್ಲಿಲ್ಲ.

ಆದ್ದರಿಂದ ನಿನ್ನನ್ನು ಬೇಡುತ್ತಿದ್ದೇನೆ. ಅಲ್ಲಿರುವ ಕಾವಲುಗಾರರಲ್ಲಿ ಅವರ ಗುರುತು ಇರುವುದು ನಿನಗೊಬ್ಬನಿಗೇ. ಗಡ್ಡ ನೋಡಿ ಮೋಸಹೋಗಬೇಡ. ಎಡಗಡೆಯ ಹುಬ್ಬು ಅರ್ಧ ಒಲೆಗೆ ಹೋಗಿದೆ, ಮುಂಗೈ ತುಂಬ ಸುಟ್ಟ ಕಲೆ. ಯಾವ ಹೊಸಿಲು ಬಂದರೂ ಚೂರು ನಿಂತು ಬಲಗಾಲನ್ನೇ ಮುಂದಿಡುತ್ತಾರೆ. ಗ್ರೀಕರ ಹಳೆಯ ಅಭ್ಯಾಸ, ನಾನು ಎಷ್ಟು ನಕ್ಕರೂ ಬಿಟ್ಟಿಲ್ಲ. ಕಂಡ ಕೂಡಲೇ ತಡೆ. ಬೈದರೂ ಸರಿ, ಹೊರಗಿನ ಅಂಗಳದಲ್ಲಿ ಎಲ್ಲರೆದುರು ಮಾನ ಕಳೆದರೂ ಸರಿ, ಕೋಲಿನಿಂದ ಹೊಡೆದು ಕಾಲು ಮುರಿದರೂ ಸರಿ. ಮುರಿದ ಕಾಲಿನ ಗಂಡನನ್ನು ನಾನು ಸಾಕಿಕೊಳ್ಳುತ್ತೇನೆ. ಗೋಡೆ ಬಿತ್ತು ಎಂದು ಪ್ರತಿ ವಾರ ಹಾಡುವವಳು ನಾನು. ಈಗ ಆ ಗೋಡೆ ಗಟ್ಟಿಯಾಗಿ ನಿಂತು ನನ್ನ ಗಂಡನನ್ನು ಆಚೆಗೇ ಇಟ್ಟುಕೊಳ್ಳಲಿ ಎಂದು ಬೇಡುತ್ತಿದ್ದೇನೆ. ನಾಚಿಕೆಯಾಗುತ್ತದೆ. ಆದರೆ ಮಗಳು ದಿನಾ ಬೆಳಿಗ್ಗೆ ಎದ್ದು ಅಪ್ಪ ಬಂದನಾ ಎಂದು ಒಲೆಯ ಹತ್ತಿರ ಹೋಗಿ ನೋಡುತ್ತಾಳೆ, ಆಗ ನಾಚಿಕೆಯೆಲ್ಲ ಹೋಗಿ ಭಯ ಮಾತ್ರ ಉಳಿಯುತ್ತದೆ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳು ಮುಖ ಸಿಂಡರಿಸಿದರೂ ಹೇಳು. ದೇವರ ಬಾಗಿಲನ್ನು ಕಾಯುವ ನಿನ್ನನ್ನು ದೇವರು ಕಾಯಲಿ.

ನಿನ್ನ ಅಕ್ಕ,
ತಿರ್ಚಾ

ತಾ.ಕ.: ಪತ್ರ ಒಯ್ಯುವ ಮಾಲ್ಕು ಬಂದು ಒಂಟೆ ನಿಲ್ಲಿಸಿಕೊಂಡು ಅವಸರ ಮಾಡುತ್ತಿದ್ದಾನೆ. ಅವನು ಸಿಲೂಕ್ಯದ ಬಂದರಿನಿಂದ ಬಂದವನು. ಧಾನ್ಯ ಹೊತ್ತು ನೆಲದ ದಾರಿಯಲ್ಲಿ ನಿಧಾನವಾಗಿ ಹೋಗಬೇಕಿದ್ದ ನಮ್ಮವರ ಗುಂಪು ದಾರಿ ಬದಲಿಸಿ ಅಲ್ಲಿ ಹಡಗು ಹತ್ತಿದ್ದನ್ನು ಕಣ್ಣಾರೆ ಕಂಡನಂತೆ, ಗಾಳಿಯೂ ಚೆನ್ನಾಗಿತ್ತಂತೆ. ಹಾಗಾದರೆ ಅವರು ಆಗಲೇ ಯೆರೂಸಲೇಮಿನಲ್ಲಿದ್ದಾರೆ. ತಡೆ ಎಂದು ಮೇಲೆ ಬರೆದದ್ದೆಲ್ಲ ತಡವಾಗಿರಬಹುದು. ಹಾಳೆಯಲ್ಲಿ ಜಾಗವಿಲ್ಲ, ಕೇಳು. ಅವರು ಒಳಗೆ ನಿಂತದ್ದು ಕಂಡರೆ ಕೂಗಬೇಡ. ಕೂಗುವುದೇ ನಿನ್ನ ಕೆಲಸ ಎಂದು ಗೊತ್ತು, ಕೂಗಬೇಡ. ಸುಮ್ಮನೆ ಹೋಗಿ ಪಕ್ಕದಲ್ಲಿ ನಿಂತುಕೋ. ಪ್ರಾರ್ಥನೆ ಮುಗಿಸದೆ ಅವರು ಬರುವವರಲ್ಲ, ಅಲ್ಲಿಯವರೆಗೂ ನಿಂತಿರು. ಆಮೇಲೆ ತೋಳು ಹಿಡಿದುಕೊಂಡು, ಊರಿನ ಮಾತಾಡಿಸುತ್ತ, ಮನೆಯವರನ್ನು ಕರೆದುಕೊಂಡು ಬರುವ ಹಾಗೆ ಹೊರಗೆ ಕರೆತಾ. ಯಾರು ಇವನು ಎಂದು ಯಾರಾದರೂ ಕೇಳಿದರೆ, ನಮ್ಮಕ್ಕನ ಗಂಡ ಎನ್ನು. ಸಿಕ್ಕಿಬಿದ್ದರೆ ನಿನ್ನನ್ನೂ ಬಿಡುವುದಿಲ್ಲ ಎಂದು ನನಗೆ ಗೊತ್ತು, ತಲ್ಮೋನ. ಗೊತ್ತಿದ್ದೇ ಕೇಳುತ್ತಿದ್ದೇನೆ. ಈ ಸಾಲುಗಳನ್ನು ನಿನ್ನ ಹೆಂಡತಿಗೆ ಓದಿ ಹೇಳಬೇಡ.