ಕೊನೆಯ ಹಾಳೆ ಸಿಕ್ಕಿರುವ ಬಗ್ಗೆ

ಗೆಳೆಯ ಮರುಳಸಿದ್ದಪ್ಪನ ಸನ್ನಿಧಿಗೆ,

೧. ಬರೆದುಕೊಳ್ಳುವವನ ಹೆಸರು: ಕೊಟ್ರೇಶಪ್ಪ. ಕಸುಬು: ಅರ್ಜಿ ಬರೆಯುವುದು. ಸ್ಥಳ: ಕೂಡ್ಲಿಗಿ ತಾಲ್ಲೂಕು ಕಚೇರಿಯ ಎದುರಿನ ಬೇವಿನ ನೆರಳು. ವಾಸ: ಕೊಟ್ಟೂರು.

೨. ಎದುರುದಾರನ ಹೆಸರು: ಮರುಳಸಿದ್ದಪ್ಪ. ಮೂಲ: ಉಜ್ಜಿನಿ. ಸದರಿ ಕಚೇರಿಯ ನಿವೃತ್ತ ಗುಮಾಸ್ತ. ಈಗಿನ ವಿಳಾಸ: ತಿಳಿದುಬಂದಿಲ್ಲ.

೩. ವಿಷಯ: ಇತ್ತೀಚೆಗೆ ಓದಿ ಸಂತೋಷಪಟ್ಟ ಪುಸ್ತಕಗಳು, ಆಡಿ ಸಂತೋಷಪಟ್ಟ ವಿಡಿಯೋ ಆಟಗಳು, ಹಾಗೂ ನಮ್ಮಿಬ್ಬರ ನಡುವೆ ಬಾಕಿ ಉಳಿದಿದ್ದ ವ್ಯಾಜ್ಯ.

೪. ಹಿಂದಿನ ಉಲ್ಲೇಖ: ಕೊಟ್ಟೂರಿನ ನಿನ್ನ ಮನೆಯ ಕಟ್ಟೆಯ ಮೇಲೆ ಆಡಿದ ಎಲ್ಲ ಮಾತುಗಳು.

ಮೇಲ್ಕಂಡ ವಿವರಗಳಲ್ಲಿ ಒಂದನ್ನೂ ನೀನು ಓದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಹಾಳೆ ಮಗುಚಿ ನೇರ ಕೊನೆಯ ಸಾಲಿಗೆ ಹೋಗಿರುತ್ತೀ. ಹೋದವನು ದಯವಿಟ್ಟು ಇಲ್ಲಿಗೆ ತಿರುಗಿ ಬರಬೇಕಾಗಿ ಕೋರಿದೆ.

ನಾನು ಬರೆದ ಮೊದಲ ಅರ್ಜಿಯನ್ನು ನೀನು ನಿನ್ನ ಮೇಜಿನ ಮೇಲೆ ಇಟ್ಟುಕೊಂಡ ರೀತಿ ಇಂದಿಗೂ ಕಣ್ಣ ಮುಂದಿದೆ. ಹಳೆಯ ಅರ್ಜಿಗಳನ್ನು ನಕಲು ಮಾಡಿ ಮಾಡಿ ಕಲಿತ ಗದ್ಯ ನನ್ನದು. ಒಂದೊಂದು ಸಂಗತಿಗೂ ಒಂದೊಂದು ಅಂಕಿ ಹಚ್ಚಿ, ಮನೆ ಕಟ್ಟುವವನು ಪಾಯದಿಂದ ಏಳುವಂತೆ ಎಬ್ಬಿಸಿದ್ದೆ. ನೀನು ಅಷ್ಟನ್ನೂ ಬಿಟ್ಟು, ಹಾಳೆಯ ತಳದಲ್ಲಿ ‘ಆದಕಾರಣ’ ಎಂಬಲ್ಲಿಗೆ ಬೆರಳಿಟ್ಟೆ. ನನಗೆ ಮೈ ಉರಿಯಿತು.

“ಮೊದ್ಲಿಂದ ಓದಬೇಕಲ್ರಿ ಸಾಹೇಬ್ರ,” ಎಂದೆ.

“ಅರ್ಜಿಗೆ ಜೀವ ಬಾಲದಾಗ ಇರ್ತೈತ್ರಿ. ತಲಿ ಬರೀ ರುಮಾಲು,” ಎಂದೆ ನೀನು.

“ಬಾಲ ನೋಡಿ ಎಮ್ಮಿ ಕೊಳ್ತೀರೇನು? ಮಾರಿ ನೋಡಬೇಕು.”

“ಎಮ್ಮಿ ಕೊಳ್ಳಾವ ಕೆಚ್ಚಲ ನೋಡ್ತಾನ್ರಿ. ಕೆಚ್ಚಲ ಎಲ್ಲಿರ್ತೈತಿ, ಮುಂದೋ ಹಿಂದೋ?”

ಅಂದು ಸೋತವನು ನಾನು. ಆದರೆ ಗೆಳೆತನ ಕುದುರಿದ್ದೂ ಅಂದೇ. ‘ರಿ’ ಹೋಗಿ ‘ಲೇ’ ಬರಲು ಎಷ್ಟು ಹೊತ್ತು ಬೇಕಾಯಿತು ನಮಗೆ?

ಹರಪನಹಳ್ಳಿಗೆ ನಿನ್ನ ವರ್ಗವಾದಾಗ ಬಂದ ಪೋಸ್ಟ್‌ಕಾರ್ಡುಗಳು ನೆನಪಾಗುತ್ತವೆ. ಮೊದಲು ಸಹಿ, ಆಮೇಲೆ ಕ್ಷೇಮಸಮಾಚಾರ. ಕಚೇರಿಯ ಚಟ ನಿನ್ನ ಓದಿಗೂ ಹತ್ತಿತ್ತು. ಕಾದಂಬರಿ ಕೈಗೆ ಬಂದರೆ ಕೊನೆಯ ಪುಟ ಮೊದಲು. ನಾಯಕಿ ಬದುಕುತ್ತಾಳೆಂದು ಖಾತ್ರಿಯಾದ ಮೇಲೆಯೇ ಅವಳನ್ನು ಹುಟ್ಟಲು ಬಿಡುತ್ತಿದ್ದೆ. ಪ್ರತಿಯೊಂದು ಮಾತು ತನ್ನ ಸರದಿಗಾಗಿ ಕಾಯಬೇಕು ಎಂಬುದು ನನ್ನ ಪಕ್ಷ. ಕಾಯಿಸುವುದಕ್ಕೆ ಕಚೇರಿ ಇದೆ, ಪುಸ್ತಕ ಯಾಕೆ ಕಾಯಿಸಬೇಕು ಎಂಬುದು ನಿನ್ನದು.

ಈಚಿನ ಓದಿನ ವರದಿ ಒಪ್ಪಿಸುತ್ತೇನೆ. ಹಿಮಾಲಯಕ್ಕೆ ಹೋಗಿಬಂದವರೊಬ್ಬರ ಪ್ರವಾಸದ ಪುಸ್ತಕ ಓದಿದೆ. ಪರ್ವತಕ್ಕೆ ಅರ್ಧ ಪುಟ, ದಾರಿಯಲ್ಲಿ ತಿಂದ ಆಲೂಗಡ್ಡೆ ಪಲ್ಯಕ್ಕೆ ಮೂರು ಪುಟ. ಇದು ದೋಷವೆಂದು ಮೊದಲು ಭಾವಿಸಿದೆ. ಆದರೆ ಪರ್ವತ ಅವರು ಹೋಗದಿದ್ದರೂ ಅಲ್ಲಿಯೇ ಇರುತ್ತಿತ್ತು, ಪಲ್ಯ ಇರುತ್ತಿತ್ತೇ? ಆ ಮೂರು ಪುಟಗಳನ್ನು ಎರಡನೆಯ ಸಲ ಓದಿದೆ. ಮಲ್ಲಿಗೆ ಬೇಸಾಯದ ಒಂದು ಕಿರುಹೊತ್ತಗೆಯೂ ಸಿಕ್ಕಿತು. ನನಗೆ ಒಂದು ಅಂಗೈಯಷ್ಟೂ ತೋಟವಿಲ್ಲ. ಆದರೂ ಮೊಗ್ಗನ್ನು ಬಿಸಿಲೇರುವ ಮುನ್ನವೇ ಬಿಡಿಸಬೇಕು ಎಂಬ ಅಧ್ಯಾಯವನ್ನು ಪತ್ತೇದಾರಿ ಕಥೆಯಂತೆ ಓದಿದೆ. ಬರೆದವರು ಒಂದು ಮಾತನ್ನೂ ವ್ಯರ್ಥ ಮಾಡಿಲ್ಲ. ಇನ್ನೊಂದು ಸಾಮಾಜಿಕ ಕಾದಂಬರಿಯ ನಾಯಕಿ ಎಷ್ಟು ಅತ್ತಳೆಂದರೆ, ನೀನಿದ್ದಿದ್ದರೆ “ಹಾಳಿ ಬಿಸಲಿಗೆ ಹಾಕಲೇ, ತೊಯ್ದೈತಿ” ಎನ್ನುತ್ತಿದ್ದೆ. ಅದನ್ನು ಅರ್ಧಕ್ಕೆ ತಿರಸ್ಕರಿಸಲಾಗಿದೆ.

ಇನ್ನು ವ್ಯಾಜ್ಯಕ್ಕೆ ಬರುತ್ತೇನೆ. ಬಜಾರದ ಬಾಡಿಗೆ ಪುಸ್ತಕದ ಅಂಗಡಿಯಿಂದ ನಾನು ಆ ಪತ್ತೇದಾರಿ ಪುಸ್ತಕವನ್ನು ತಂದ ದಿನ ನಿನ್ನ ಮುಖ ನೋಡಬೇಕಿತ್ತು. ಮೇಲಿನ ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಹಾಳೆ ಇಲ್ಲ. ಹಿಂದಿನಿಂದ ತೆರೆದ ನಿನಗೆ ಸಿಕ್ಕಿದ್ದು ಅರ್ಧ ವಾಕ್ಯ: ‘ಪತ್ತೇದಾರನು ಎದ್ದು ನಿಂತು, ಕೊಲೆಗಾರ ಈ ಕೋಣೆಯಲ್ಲಿಯೇ…’ ಜೀವಮಾನದಲ್ಲಿ ಮೊದಲ ಬಾರಿಗೆ ನೀನು ಒಂದು ಪುಸ್ತಕವನ್ನು ಮೊದಲಿನಿಂದ ಓದಿದೆ. ‘ಬಾವಿಯಿಂದ ಅಂದು ಕೊಡದ ಜೊತೆಗೆ ಒಂದು ಕೀಲಿಕೈ ಮೇಲೆ ಬಂತು’ ಎಂಬ ಮೊದಲ ವಾಕ್ಯಕ್ಕೆ, “ಅಡ್ಡಿಯಿಲ್ಲಲೇ, ಮುಂದಲ ಬಾಗಲಾನೂ ಛಲೋ ಐತಿ,” ಎಂದೆ.

ಶೇಂಗಾ ವ್ಯಾಪಾರಿಯೊಬ್ಬ ಬೀಗ ಹಾಕಿದ ಕೋಣೆಯಲ್ಲಿ ಸತ್ತಿದ್ದ. ಅವನ ದಿಂಬಿನ ಕೆಳಗೆ ಒಂದು ಬೆದರಿಕೆ ಚೀಟಿ: ‘ಸದರಿ ಸಂಗತಿಯನ್ನು ಹೊರಗೆಡಹಿದಲ್ಲಿ ಸದರಿ ನಿನ್ನ ಪ್ರಾಣಕ್ಕೆ ನಾವು ಜವಾಬುದಾರರಲ್ಲ.’ ಅನುಮಾನ ಇಬ್ಬರ ಮೇಲೆ. ಒಬ್ಬ ಕಚೇರಿಯ ಗುಮಾಸ್ತ, ಇನ್ನೊಬ್ಬ ಅರ್ಜಿ ಬರೆಯುವವನು. ಇದಕ್ಕಿಂತ ಹೆಚ್ಚಿನದು ನಮಗೆ ಬೇಕಿತ್ತೇ?

“ಕೊಲಿ ಬೆದರಿಕಿಗೂ ‘ಸದರಿ’ ಹಚ್ಚೋ ಕಸುಬು ಭೂಮಿ ಮ್ಯಾಲೆ ಒಂದ ಐತಿ,” ಎಂದು ನೀನು ನನ್ನನ್ನೇ ನೋಡಿದೆ. “ನಿಮ್ಮ ಕಸುಬಿನಾವನ ಮಾಡ್ಯಾನಲೇ ಕೊಟ್ರ್ಯಾ. ಒಪ್ಪಿಕೋ.”

“‘ಜವಾಬುದಾರರಲ್ಲ’ ಅನ್ನೋದು ಯಾರ ಮಾತು?” ಎಂದು ನಾನು ಕೇಳಿದೆ. “ಅರ್ಜಿ ಬರೆಯಾವ ಬೇಡ್ತಾನ, ಅಂಗಲಾಚ್ತಾನ. ಕೈ ತೊಳಕೊಳ್ಳೋದು ಕಚೇರಿ ಭಾಷಾ. ಗುಮಾಸ್ತನ ಮಾಡ್ಯಾನ.”

ಒಳಗಿನಿಂದ ನಿನ್ನ ಮನೆಯಾಕೆ ಗೌರಮ್ಮ, “ಸತ್ತಾವ ಸತ್ತ, ನೀವ್ಯಾಕ ಬಡದಾಡ್ತೀರಿ? ಮಂಡಕ್ಕಿ ಮೆತ್ತಗಾಗ್ತಾವ, ತಿನ್ರಿ,” ಎಂದರು. ತಿಂದೆವು. ಆದರೆ ಎರಡು ಕಸುಬುಗಳ ಮಾನದ ಪ್ರಶ್ನೆ ಅದು. ಸೋತವನು ಬೇವಿನ ನೆರಳಿನಲ್ಲಿ ನಿಂತು, ಎಲ್ಲರೂ ಕೇಳುವಂತೆ, ಎದುರಿನವನ ಕಸುಬೇ ಸಾಚಾ ಎಂದು ಹೇಳಬೇಕೆಂದು ಕರಾರಾಯಿತು. ಕೊನೆಯ ಹಾಳೆ ಮಾತ್ರ ಸಿಗಲಿಲ್ಲ. ಹೆಸರೇ ಇಲ್ಲದ ಪುಸ್ತಕವನ್ನು ಏನೆಂದು ಕೇಳಿ ಹುಡುಕುವುದು?

ಕಡೆಯ ಸಲ ನಿನ್ನನ್ನು ನೋಡಲು ಬಂದಾಗ ನೀನು ದಿಂಬಿಗೆ ಒರಗಿದ್ದೆ. ಬೇರೆಯವರಾಗಿದ್ದರೆ ಮಕ್ಕಳ ಮಾತು, ದೇವರ ಮಾತು ಆಡುತ್ತಿದ್ದರು. ನೀನು, “ಹಾಳಿ ಸಿಕ್ತೇನಲೇ?” ಎಂದೆ. “ಹಾಳಿ ಯಾಕ ಬೇಕು, ಗುಮಾಸ್ತನ ಮಾಡ್ಯಾನ,” ಎಂದೆ ನಾನು. ನೀನು ನಕ್ಕೆ. ಆ ನಗು ಕೆಮ್ಮಾಯಿತು, ಆ ಕೆಮ್ಮು…

ಇರಲಿ. ಅಳುವ ನಾಯಕಿಯನ್ನು ತಿರಸ್ಕರಿಸಿದವನು ನಾನು.

ಮೊನ್ನೆ ಹೂವಿನಹಡಗಲಿಯ ಬೀಗರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಹೆಂಗಸರು ಮಲ್ಲಿಗೆ ಕಟ್ಟುತ್ತಿದ್ದರು. ಕೂರಲು ಜಾಗವಿಲ್ಲದೆ ಕಿಟಕಿಯ ಕಡೆ ಸರಿದೆ. ಅಲ್ಲಿ ಹಳೆಯ ಪುಸ್ತಕಗಳ ಒಂದು ಅಟ್ಟಿ ಇತ್ತು. ಒಂದನ್ನು ಸುಮ್ಮನೆ ತೆರೆದೆ, ನನ್ನ ಪದ್ಧತಿಯಂತೆ ಮೊದಲನೆಯ ಪುಟದಿಂದ. ‘ಬಾವಿಯಿಂದ ಅಂದು ಕೊಡದ ಜೊತೆಗೆ ಒಂದು ಕೀಲಿಕೈ ಮೇಲೆ ಬಂತು.’ ಹಿಂದಿನ ರಟ್ಟು ಗಟ್ಟಿಯಾಗಿತ್ತು. ಹಾಳೆ ಇತ್ತು.

ನೀನಾಗಿದ್ದರೆ ಅಲ್ಲಿಯೇ ಓದುತ್ತಿದ್ದೆ. ನಾನು ಕೇಳಿ ಪಡೆದು, ಮಲ್ಲಿಗೆಯ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ನಿಂತಾಗ ತೆಗೆದೆ, ಮತ್ತೆ ಒಳಗಿಟ್ಟೆ. ಕೊಟ್ಟೂರು ಬಂದರೂ ತೆರೆಯಲಿಲ್ಲ. ಸೋಲಿನ ಹೆದರಿಕೆ ಎಂದು ನೀನು ಹೇಳಬಹುದು. ಅದಲ್ಲ. ವ್ಯಾಜ್ಯ ಬಾಕಿ ಇರುವವರೆಗೆ ಎದುರುದಾರ ಇದ್ದಾನೆ ಎಂದೇ ಲೆಕ್ಕ. ಎಲ್ಲೋ ವಾಯಿದೆ ತೆಗೆದುಕೊಂಡು ಕೂತಿದ್ದಾನೆ, ಇಂದಲ್ಲ ನಾಳೆ ಹಾಜರಾಗುತ್ತಾನೆ. ಹಾಳೆ ಮಗುಚಿದರೆ ವ್ಯಾಜ್ಯ ವಿಲೇವಾರಿ. ಆಮೇಲೆ ನಾನು ಯಾರ ಜೊತೆ…

ಹೀಗೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಿರುಗುತ್ತಿದ್ದ ದಿನಗಳಲ್ಲಿಯೇ ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ವಿಡಿಯೋ ಅಂಗಡಿ ಇಟ್ಟಿರುವ ಖಾಸಿಂ ನನ್ನನ್ನು ಹುಡುಕಿಕೊಂಡು ಬಂದ. ನಿನ್ನ ಕಾಲಕ್ಕೆ ಆ ಅಂಗಡಿ ಇರಲಿಲ್ಲ. ಟಿವಿಗೆ ಒಂದು ಪೆಟ್ಟಿಗೆ ಜೋಡಿಸಿ ಆಟ ಆಡಿಸುತ್ತಾನೆ. ಅದು ಜೂಜೆಂದು ಯಾರೋ ದೂರು ಕೊಟ್ಟಿದ್ದಾರೆ. ಜೂಜಲ್ಲವೆಂದು ಪಂಚಾಯಿತಿಗೆ ಅರ್ಜಿ ಬೇಕು.

“ಕಾಣದ ವಸ್ತುವಿನ ಬಗ್ಗೆ ನಾನು ಬರೆಯೋದಿಲ್ಲಪ್ಪ,” ಎಂದೆ.

“ಹಂಗಾರ ಬರ್ರಿ ಅಜ್ಜಾರ, ಕುಂದರ್ರಿ. ಆಡೇ ಬರೀರಿ.”

ಮರುಳಾ, ಹೇಗೆ ವರ್ಣಿಸಲಿ? ಕಪ್ಪು ಪರದೆಯ ಮೇಲೆ ಸಣ್ಣ ಸಣ್ಣ ಹುಳುಗಳಂಥವು ಸಾಲುಸಾಲಾಗಿ ಮೇಲಿನಿಂದ ಇಳಿಯುತ್ತವೆ. ಕೆಳಗೆ ಒಬ್ಬನೇ ಒಬ್ಬ ನೀನು. ಹಿಡಿಕೆ ಅಲುಗಾಡಿಸುತ್ತ, ಗುಂಡಿ ಒತ್ತುತ್ತ, ಒಂದೊಂದನ್ನೇ ತೀರಿಸಬೇಕು. ಕಂದಾಯದ ಲೆಕ್ಕ ತೀರಿಸುವ ಜಮಾಬಂದಿಯ ದಿನ ನಿನ್ನ ಮೇಜಿನ ಮುಂದೆ ನಿಂತ ಅರ್ಜಿದಾರರ ಸಾಲಲ್ಲದೆ ಇದು ಮತ್ತೇನು? ಒಂದು ಸಾಲು ತೀರಿಸಿದರೆ ಮುಂದಿನ ಸಾಲು ಇನ್ನೂ ಅವಸರದಲ್ಲಿ ಬರುತ್ತದೆ. ಊಟದ ಹೊತ್ತಿನ ಬಿಡುವು ಮಾತ್ರ ಇಲ್ಲ. ಇದನ್ನು ರಚಿಸಿದವರು ಯಾವುದೋ ತಾಲ್ಲೂಕು ಕಚೇರಿಯಲ್ಲಿ ದುಡಿದವರೇ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಅಂಗೈಯಲ್ಲಿ ಹಿಡಿಯುವಂಥ ಇನ್ನೊಂದು ಪುಟ್ಟ ಆಟವೂ ಅವನಲ್ಲಿದೆ. ಬುಟ್ಟಿ ಹಿಡಿದ ಒಬ್ಬ ಮನುಷ್ಯ, ಮೇಲಿನಿಂದ ಬೀಳುವ ಹಣ್ಣುಗಳು. ಕಥೆ ಬಡವಾದರೂ ಶೈಲಿ ಸ್ವಚ್ಛ. ಆದರೆ ಆ ಹಣ್ಣನ್ನು ಅವನು ಒಮ್ಮೆಯೂ ತಿನ್ನುವುದಿಲ್ಲ, ಮಾರುವುದೂ ಇಲ್ಲ. ಪ್ರವಾಸದ ಪುಸ್ತಕದವರಿಗೆ ಇದು ಹಿಡಿಸುವುದಿಲ್ಲ. ಎರಡರಲ್ಲಿ ನನಗೆ ಮೇಲೆನಿಸಿದ್ದು ಜಮಾಬಂದಿಯೇ.

ಸ್ವಲ್ಪ ಹೊತ್ತಿನಲ್ಲಿ ಹುಳುಗಳು ನನ್ನನ್ನೇ ವಿಲೇವಾರಿ ಮಾಡಿದವು. ಆಟ ಮುಗಿಯಿತೆಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ನಾನು ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದೆ.

“ಎಲ್ಲಿಗೆ ಹೊಂಟ್ರಿ?” ಎಂದ ಖಾಸಿಂ.

“ಮುಗೀತಲ್ಲಪ್ಪ.”

“ಮುಗೀತು ಅಂದ್ರ ನಿಮ್ಮ ಕಚೇರಿಯೊಳಗ ಫೈಲಿಗೆ ದಾರ ಸುತ್ತಿ ಕಪಾಟಿಗೆ ಇಟ್ಟಂಗಲ್ರಿ ಅಜ್ಜಾರ. ಮುಗಿದ ಮ್ಯಾಲೇ ಮಜಾ. ಎಲ್ಲಿ ತಪ್ಪಿದ್ವಿ ಗೊತ್ತಾಗಿರ್ತೈತಿ. ಗುಂಡಿ ಒತ್ರಿ, ಮತ್ತ ಮೊದ್ಲಿಂದ.”

ಒತ್ತಿದೆ. ಹೌದು, ಎರಡನೆಯ ಆಟ ಬೇರೆಯೇ ಆಗಿತ್ತು. ಕೊನೆ ಗೊತ್ತಿದ್ದವನ ಕೈ ಬೇರೆ, ಗೊತ್ತಿಲ್ಲದವನ ಕೈ ಬೇರೆ. ನೀನು ನಿನ್ನ ಜನ್ಮವಿಡೀ ಹೇಳುತ್ತಿದ್ದುದು ಇದನ್ನೇ ಏನು? ಕೊನೆ ತಿಳಿದರೆ ಪುಸ್ತಕ ಸಾಯುವುದಿಲ್ಲ, ಅಲ್ಲಿಂದಲೇ ನೆಮ್ಮದಿಯ ಓದು ಶುರು ಎಂಬುದನ್ನು?

ಅರ್ಜಿ ಬರೆದುಕೊಟ್ಟೆ: ‘ಸದರಿ ಯಂತ್ರದಲ್ಲಿ ಜೂಜಿಲ್ಲ. ಮೇಲಿನಿಂದ ಬರುವವರನ್ನು ಕೆಳಗಿನವನು ವಿಲೇವಾರಿ ಮಾಡುವುದಷ್ಟೇ ಇದರ ಕಾರ್ಯ. ಸದರಿ ಕಾರ್ಯವು ಎಲ್ಲ ಕಚೇರಿಗಳಲ್ಲಿಯೂ ರೂಢಿಯಲ್ಲಿದೆ.’ ಪಂಚಾಯಿತಿಯವರು ನಕ್ಕು ಪರವಾನಗಿ ಕೊಟ್ಟರು. ಅವರೂ ಕೊನೆಯ ಸಾಲನ್ನೇ ಮೊದಲು ಓದಿದರೆಂದು ಖಾಸಿಂ ಹೇಳಿದ.

ಅಲ್ಲಿಂದ ನೇರವಾಗಿ ನಿನ್ನ ಮನೆಯ ಕಟ್ಟೆಗೆ ಬಂದೆ. ಗೌರಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ನೀನು ಕೂರುತ್ತಿದ್ದ ಕಡೆ ಕೂತು, ನಿನ್ನ ಪದ್ಧತಿಯಂತೆ ಹಿಂದಿನಿಂದ ತೆರೆದು, ಗಟ್ಟಿಯಾಗಿ ಓದಿದೆ. ಪತ್ತೇದಾರನು ಎದ್ದು ನಿಂತು, ಕೊಲೆಗಾರ ಈ ಕೋಣೆಯಲ್ಲಿಯೇ ಇದ್ದಾನೆಂದು ನಾನು ಹೇಳಿದ್ದು ತಪ್ಪು, ಇಬ್ಬರಿದ್ದಾರೆ ಎನ್ನುತ್ತಾನೆ. ಚೀಟಿಯ ಒಕ್ಕಣೆ ಹೇಳಿಕೊಟ್ಟವನು ಗುಮಾಸ್ತ, ಬರೆದವನು ಅರ್ಜಿಯವನು. ‘ಸದರಿ’ ಒಬ್ಬನದು, ‘ಜವಾಬುದಾರರಲ್ಲ’ ಇನ್ನೊಬ್ಬನದು. ಒಬ್ಬ ಬೀಗ ಹಾಕಿದ, ಇನ್ನೊಬ್ಬ ಕೀಲಿಕೈಯನ್ನು ಬಾವಿಗೆಸೆದ. ಹಳೆಯ ಗೆಳೆಯರಂತೆ.

ನಾನು ಪುಸ್ತಕ ಮಡಚುವುದರೊಳಗೆ ಗೌರಮ್ಮನ ನಗು ಶುರುವಾಗಿತ್ತು. “ಇಷ್ಟು ವರ್ಷ ಬಡದಾಡಿದ್ರಿ. ಒಬ್ರನ್ನ ಬಿಟ್ಟು ಒಬ್ರು ಏನಾರ ಮಾಡೀರೇನು ನೀವು? ಅವ್ರೂ ಹಂಗ,” ಎಂದರು. ನೀನು ಹೋದ ಮೇಲೆ ಆ ಕಟ್ಟೆಯ ಮೇಲೆ ಕೇಳಿದ ಮೊದಲ ನಗು ಅದು.

ಮರುದಿನ ಬೇವಿನ ನೆರಳಿನಲ್ಲಿ ನಿಂತು, ಎಲ್ಲರೂ ಕೇಳುವಂತೆ, ಗುಮಾಸ್ತನ ಕಸುಬು ಸಾಚಾ ಎಂದು ಹೇಳಿದೆ. ಅರ್ಜಿ ಬರೆಯುವವನ ಕಸುಬೂ ಸಾಚಾ ಎಂಬ ನಿನ್ನ ಪಾಲಿನ ಮಾತನ್ನೂ ನಾನೇ ಹೇಳಿಕೊಂಡೆ. ಕಾರಣ ಕೇಳಿದವರಿಗೆ, ತೀರ್ಪು ಇಬ್ಬರ ವಿರುದ್ಧವೂ ಬಂದಿದೆ ಎಂದೆ.

ಆದಕಾರಣ ನಿವೇದಿಸಿಕೊಳ್ಳುವುದೇನೆಂದರೆ: ಇನ್ನು ಮೇಲೆ ಯಾವ ಪುಸ್ತಕ ಸಿಕ್ಕರೂ ಎರಡು ಸಲ ಓದುತ್ತೇನೆ. ಒಮ್ಮೆ ಮೊದಲಿನಿಂದ ನನ್ನ ಪರವಾಗಿ, ಒಮ್ಮೆ ಕೊನೆಯಿಂದ ನಿನ್ನ ಪರವಾಗಿ. ಜಗಳವಂತೂ ಇದ್ದೇ ಇರುತ್ತದೆ. ಸದರಿ ಏರ್ಪಾಡಿಗೆ ನಿನ್ನ ಆಕ್ಷೇಪಣೆ ಏನಾದರೂ ಇದ್ದಲ್ಲಿ, ಖುದ್ದು ಹಾಜರಾಗಿ ಸಲ್ಲಿಸತಕ್ಕದ್ದು.

ಇಂತಿ ನಿನ್ನ ಸಹ-ಅಪರಾಧಿ,
(ಸಹಿ) ಕೊಟ್ರೇಶಪ್ಪ
ಕೊಟ್ಟೂರು

ಲಗತ್ತು: ಸದರಿ ಪುಸ್ತಕದ ಕೊನೆಯ ಹಾಳೆಯ ಕೈಬರಹದ ನಕಲು, ಒಂದು. ಇದನ್ನು ಮೊದಲು ಓದತಕ್ಕದ್ದು.