ಎರಡನೇ ಮಹಡಿಯ ಕ್ಲಾಸು

ಜೂನ್ 24, ಸೋಮವಾರ
ಅದೇ ಸ್ಲೋ ಲೋಕಲ್ ಟ್ರೈನ್. ಮುಲುಂಡ್‌ನಿಂದ ಸಯನ್‌ವರೆಗೆ ನಿಂತೇ ಬಂದೆ. ಮಳೆ ಹಿಡಿದಿಲ್ಲ, ಸೆಕೆ ಮಾತ್ರ. ನಮ್ಮ ಕನ್ನಡ ಶಾಲೆಯ ಐದನೇ ತರಗತಿಗೆ ಈ ವರ್ಷವೂ ಎರಡನೇ ಮಹಡಿಯ ಕೋಣೆಯೇ. ಗಾಳಿ ಇದೆ, ಗೋಡೆಗೆ ದೊಡ್ಡ ಟಿವಿ ಇದೆ.

ಹೆಡ್ ಮೇಡಂ ಕೇಳಿದ್ದರು: “ವಿನೋದಿನಿ ಟೀಚರ್, ನಿಮ್ಮ ಕ್ಲಾಸಿಗೆ ಈ ಸಲ ಶಿವಕುಮಾರಿ ಬಂದಿದ್ದಾಳಲ್ಲ, ಕೆಳಗಿನ ರೂಮಿಗೆ ಬರ್ತೀರಾ?”

ಕೆಳಗಿನದು ಶೌಚಾಲಯದ ಪಕ್ಕ. ವಾಸನೆಗೆ ಮೂಗು ಬಿಡಲಾಗದು. “ಅವಳಪ್ಪ ಎತ್ತಿಕೊಂಡು ಬರ್ತಾನಲ್ಲ ಮೇಡಂ” ಅಂದೆ. ಅವರು ಮತ್ತೆ ಕೇಳಲಿಲ್ಲ.

ಹುಡುಗಿಗೆ ಹುಟ್ಟಿನಿಂದ ಕಾಲು ಬಿಗಿ. ಗೋಡೆ ಹಿಡಿದರೆ ಸ್ವಲ್ಪ ದೂರ ನಡೆಯುತ್ತಾಳೆ. ಓದಿನಲ್ಲಿ ಬಲು ಚುರುಕು. ಅಪ್ಪ ನಿಂಗಣ್ಣ ವಿಜಯಪುರದ ಕಡೆಯವನು, ಕಟ್ಟಡದ ಕೆಲಸ. ಧಾರಾವಿಯಿಂದ ಹೆಗಲ ಮೇಲೆ ಕೂರಿಸಿಕೊಂಡು ಬಂದು ಬೆಂಚಿನ ಮೇಲೆ ಇಳಿಸಿ ಹೋಗುತ್ತಾನೆ.

ಜುಲೈ 12, ಶುಕ್ರವಾರ
ಈ ವಾರವೆಲ್ಲ ಶಿವಕುಮಾರಿ ಲೇಟ್. ಇವತ್ತು ಲಂಗದ ಹಿಂಭಾಗವೆಲ್ಲ ಕೆಸರು. ನನಗೂ ಟ್ರೈನ್ ತಪ್ಪಿ ತಲೆ ಕೆಟ್ಟಿತ್ತು. ಎಲ್ಲರೆದುರು ಕೇಳಿದೆ, “ಎಂತ ಹೊಲಸು ಇದು? ಶಾಲೆಗೆ ಬರುವ ವೇಷವಾ?” ಮಕ್ಕಳು ನಕ್ಕರು. ಅವಳು ಅಳಲಿಲ್ಲ. ಬ್ಯಾಗನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡಳು.

ಶಾಲೆ ಬಿಟ್ಟ ಮೇಲೆ ಹಾಜರಿ ಪುಸ್ತಕ ಇಡಲು ಹೊರಟೆ. ಮೆಟ್ಟಿಲಲ್ಲಿ ಅವಳು. ಕೂತುಕೊಂಡು ಇಳಿಯುತ್ತಿದ್ದಳು. ಮೊದಲು ಬ್ಯಾಗು ಕೆಳಗೆ, ಆಮೇಲೆ ಕೈ, ಆಮೇಲೆ ಮೈ. ಹತ್ತುವುದೂ ಹಾಗೇ ಇರಬೇಕು. ಒದ್ದೆ ಮೆಟ್ಟಿಲು, ನೂರಾರು ಮಕ್ಕಳ ಚಪ್ಪಲಿಯ ಕೆಸರು. ನಿಂಗಣ್ಣ ಪನ್ವೇಲ್ ಸೈಟಿಗೆ ಹೋಗಿದ್ದಾನೆಂದು ಆಮೇಲೆ ಜವಾನ ಹೇಳಿದ. ತಾಯಿ ಗೇಟಿನಲ್ಲಿ ಬಿಟ್ಟು ಮನೆಕೆಲಸಕ್ಕೆ ಓಡುತ್ತಾಳಂತೆ.

ಅವಳು ನನ್ನನ್ನು ನೋಡಿರಲಿಲ್ಲ. ನಾನು ಹೋಗಿ ಎತ್ತಲೂ ಇಲ್ಲ. ಕಂಬದ ಹಿಂದೆ ನಿಂತೆ – ಅವಳು ಕೆಳಗೆ ಮುಟ್ಟುವವರೆಗೆ.

ಜುಲೈ 15, ಸೋಮವಾರ
ಕೆಳಗಿನ ರೂಮು ಕೊಡಿ ಎಂದು ಕೇಳಲು ಹೋದೆ. ಬಾಯಿ ಬರಲಿಲ್ಲ. ಬೇಡ ಎಂದವಳೇ ನಾನು. ಮೆಟ್ಟಿಲಿನ ಸಂಗತಿಯಷ್ಟೇ ಹೇಳಿದೆ.

ಹೆಡ್ ಮೇಡಂಗೆ ಗಾಬರಿ. “ಬಿದ್ದರೆ ಯಾರು ಜವಾಬ್ದಾರಿ? ಹೋಮ್-ಬೇಸ್ಡ್ ಅಂತ ಇದೆ. ಹೆಸರು ಶಾಲೆಯಲ್ಲೇ ಇರುತ್ತೆ, ಸ್ಪೆಷಲ್ ಟೀಚರ್ ಮನೆಗೆ ಹೋಗಿ ಕಲಿಸ್ತಾರೆ. ತಾಯಿಗೆ ನೀವೇ ತಿಳಿಸಿ ಹೇಳಿ.”

ನಿಜ ಬರೆಯಬೇಕಲ್ಲ... ನಿರಾಳವಾಯಿತು.

ಜುಲೈ 16, ಮಂಗಳವಾರ
ಗೇಟಿನಲ್ಲಿ ಹುಡುಗಿಯ ತಾಯಿ ದೇವಕ್ಕನನ್ನು ಕಂಡೆ. ಶಿವಕುಮಾರಿ ಅವಳ ಸೊಂಟದ ಮೇಲೆ.

“ಕಾನೂನಿನಲ್ಲೇ ಹೀಗಿದೆ ದೇವಕ್ಕ. ಇಂಥ ಮಕ್ಕಳಿಗೆ ಮನೆಯಲ್ಲೇ ಪಾಠ.”

“ಸರ್ಕಾರದವ್ರು ಮನೀಗೇ ಬಂದು ಕಲಸ್ತಾರೇನ್ರಿ?”

“ಬರ್ತಾರೆ.”

“ಹಂಗಾರ ಚಲೋ ಆತ್ರಿ. ನಿಮ್ಮ ಪುಣ್ಯಾ.”

“ನಾ ದಿನಾ ಹತ್ತಿ ಬರ್ತೀನಲ್ರಿ ಟೀಚರ್” ಅಂದಳು ಹುಡುಗಿ.

“ಸುಮ್ನಿರು. ಕಾಯ್ದೆ ಐತಂತ” – ತಾಯಿ.

ಹಾಗೇ ತಿರುಗಿ ಎತ್ತಿಕೊಂಡು ಹೋದಳು. ಹುಡುಗಿ ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಕಾನೂನು ಎಂದೆನಲ್ಲ, ಅದನ್ನು ನಾನು ಓದಿದವಳೇ ಅಲ್ಲ.

ಆಗಸ್ಟ್ 14
ನಾಳೆಗೆ ಧ್ವಜ, ಹಾಡಿನ ಪ್ರ್ಯಾಕ್ಟೀಸು. ಅವಳ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಾಳೆ. ಯಾರೂ ಕೇಳುವುದಿಲ್ಲ. ನಾನೂ.

ಸೆಪ್ಟೆಂಬರ್ 19, ಗುರುವಾರ
ದಾದರ್‌ನಲ್ಲಿ ತರಬೇತಿ. ಎಲ್ಲ ಮಕ್ಕಳನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿ ಕಲಿಸುವುದು ಹೇಗೆ – ಅದೇ ವಿಷಯ. ಅನುಭವ ಹೇಳಲು ಹೆಡ್ ಮೇಡಂ ನನ್ನ ಹೆಸರು ಕೊಟ್ಟುಬಿಟ್ಟಿದ್ದರು. ಎದ್ದು ಹೇಳಿದೆ. ನಡೆಯಲಾರದ ಹುಡುಗಿ, ಮೆಟ್ಟಿಲು, ಅವಳ ಕಷ್ಟ ನೋಡಲಾರದೆ ನಾವು ಮನೆಗೇ ಶಿಕ್ಷಣ ಮುಟ್ಟಿಸಿದ್ದು. ಚಪ್ಪಾಳೆ ಬಿತ್ತು. ಖುಷಿಯೂ ಆಯಿತು, ಒಂದು ಕ್ಷಣ.

ಚಹಾ ಆದ ಮೇಲೆ ತರಬೇತಿ ಕೊಡುವವರು ಕಾಯ್ದೆ ಓದಿದರು. ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕು, ಕಟ್ಟಡವೂ, ಪಾಠವೂ. ಮನೆಪಾಠ ಇರುವುದು ತೀವ್ರ ತೊಂದರೆಯಿರುವ ಮಗುವಿಗೆ, ಅದೂ ಮಗು ಬೇಕೆಂದರೆ. “ಮೆಟ್ಟಿಲಿದೆ ಅಂತ ಮಗುವನ್ನು ಮನೆಗೆ ಕಳಿಸೋದಲ್ಲ. ಕ್ಲಾಸನ್ನೇ ಕೆಳಗೆ ತನ್ನಿ” ಎಂದರು ಮರಾಠಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ: “ಆ ಹುಡುಗಿಯನ್ನು ಕೇಳಿದ್ರಾ, ಟೀಚರ್?”

“ಕೇಳಿದ್ದೆ” ಎಂದೆ.

ಗಂಡ ಸುಕೇಶ್ ಗ್ರಾಂಟ್ ರೋಡಿನ ಹೋಟೆಲಿನ ಕೆಲಸದಿಂದ ಇವತ್ತು ಬೇಗ ಬಂದಿದ್ದರು. ಹೇಳಿದೆ. “ಮೇಡಂ ಹೇಳಿದ್ದನ್ನಲ್ವಾ ನೀನು ಮಾಡಿದ್ದು? ತಲೆಬಿಸಿ ಮಾಡ್ಬೇಡ ಮಾರಾಯ್ತಿ” ಎಂದರು. ಆ ‘ಕೇಳಿದ್ದೆ’ಯನ್ನು ಮಾತ್ರ ಅವರಿಗೂ ಹೇಳಲಿಲ್ಲ.

ಸೆಪ್ಟೆಂಬರ್ 21, ಶನಿವಾರ
ಶಾಲೆ ಮುಗಿಸಿ ಧಾರಾವಿಗೆ ಹೋದೆ. ಪ್ಲಾಸ್ಟಿಕ್ ಮೂಟೆಗಳ ಸಂದಿ. ದೇವಕ್ಕನ ಬಾಗಿಲಿಗೆ ಹೊರಗಿನಿಂದ ಬೀಗ. ವಾಪಸು ಹೊರಟೆ.

“ಯಾರ್ರೀ?” ಒಳಗಿನಿಂದ.

ಕಿಟಕಿಯ ಸರಳಿನ ಆಚೆ ಅವಳು. ನೆಲದ ಮೇಲೆ.

“ಅವ್ವ ಸಂಜೀಕ ಬರ್ತಾಳ್ರಿ ಟೀಚರ್. ಕೀಲಿ ಆಕೀ ಕಡೆ ಐತಿ.”

“ಸ್ಪೆಷಲ್ ಟೀಚರ್ ಬರ್ತಾರಾ?”

“ಒಮ್ಮೆ ಬಂದಿದ್ರು.”

ಅಪ್ಪ ಇನ್ನೂ ಪನ್ವೇಲಿನಲ್ಲೇ. ಕನ್ನಡ ಪುಸ್ತಕ ಪೂರ್ತಿ ಓದಿ ಮುಗಿಸಿದ್ದಾಳೆ, ಗಣಿತ ಮಾತ್ರ ಒಬ್ಬಳಿಗೇ ತಿಳಿಯುವುದಿಲ್ಲವಂತೆ. ಆಮೇಲೆ ಕೇಳಿದಳು: “ಈಗ ಮಳಿ ಕಡಿಮಿ ಆಗೇತ್ರಿ. ಅರಿವಿ ಹೊಲಸ ಆಗಂಗಿಲ್ಲ. ಬರ್ಲೇನ್ರಿ?”

“ಸೋಮವಾರ ಹೇಳ್ತೇನೆ” ಅಂದೆ. ಆಫೀಸಿನವರು ಹೇಳುವ ಹಾಗೆ.

ಸೆಪ್ಟೆಂಬರ್ 23
“ನಾನು ಕೆಳಗಿನ ರೂಮಿಗೆ ಬರ್ತೇನೆ ಮೇಡಂ.”

“ಈಗ, ವರ್ಷದ ಮಧ್ಯದಲ್ಲಾ? ಟಿವಿ ಕೆಳಗೆ ಬರಲ್ಲ.”

“ಬೇಡ.”

“ಹೋಮ್-ಬೇಸ್ಡ್ ಅಂತ ಮೇಲಿನ ಆಫೀಸಿಗೆ ಹೆಸರು ಕಳಿಸಿ ಆಗಿದೆಯಲ್ರೀ.”

“ಅವಳಿಗೆ ಅದು ಬೇಕಿರಲಿಲ್ಲ. ನಾನು ಕೇಳಲೇ ಇಲ್ಲ.”

ಮೇಡಂ ಕನ್ನಡಕ ತೆಗೆದು ಒರೆಸಿದರು. “ನಾನೂ ಕೇಳಲಿಲ್ಲ” ಎಂದರು. ಆಮೇಲೆ ಜವಾನನನ್ನು ಕರೆದು ಬೆಂಚು ಇಳಿಸಲು ಹೇಳಿದರು.

ಸೆಪ್ಟೆಂಬರ್ 30, ಸೋಮವಾರ
ಬಂದಳು. ಹೊಸ್ತಿಲಿಗೆ ಹಲಗೆ ಹಾಕಿಸಿದ್ದೇವೆ, ಗೋಡೆ ಹಿಡಿದು ತಾನೇ ಒಳಗೆ ನಡೆದಳು. ವಾಸನೆ ಇದೆ. ಫಿನಾಯಿಲ್ ಹಾಕಿಸಿದರೂ ಇದೆ. ಮಕ್ಕಳು ಮೂಗು ಮುಚ್ಚುತ್ತಾರೆ, ಟಿವಿ ಕೇಳುತ್ತಾರೆ. ಇಬ್ಬಿಬ್ಬರನ್ನು ಜೊತೆ ಮಾಡಿ ಗಣಿತ ಮಾಡಿಸಿದೆ. ಅವಳು ಬಾಯಲ್ಲಿ ಲೆಕ್ಕ ಬಿಡಿಸುತ್ತಾಳೆ, ಜೊತೆಯವಳು ಬರೆಯುತ್ತಾಳೆ. ಇಷ್ಟು ವರ್ಷ ಇದು ನನಗೇಕೆ ಹೊಳೆಯಲಿಲ್ಲ?

ದೇವಕ್ಕ ಎಲ್ಲರೆದುರು ಕಾಲಿಗೆ ಬಿದ್ದಳು. “ನಿಮ್ಮಂಥವ್ರು ಅದೀರಿ ಅಂತ ನಮ್ಮ ಮಕ್ಳು ಕಲೀತಾವ್ರಿ.” ಕಾಲು ಹಿಂದೆ ಎಳೆದುಕೊಂಡೆ. ಯಾರೋ ಫೋಟೋ ತೆಗೆದು ಶಾಲೆಯ ಗ್ರೂಪಿಗೆ ಹಾಕಿದ್ದಾರೆ. ಕೆಳಗೆಲ್ಲ ಕೈಮುಗಿದ ಚಿತ್ರಗಳು.

ಅಕ್ಟೋಬರ್ 4, ಶುಕ್ರವಾರ
ಹೇಳಿಬಿಟ್ಟೆ. ದೇವಕ್ಕನನ್ನು ಗೇಟಿನ ಹತ್ತಿರ ನಿಲ್ಲಿಸಿ, ಒಂದೇ ಉಸಿರಿಗೆ. ಕಾನೂನಿನಲ್ಲಿ ಹಾಗಿಲ್ಲ, ಕ್ಲಾಸು ಕೆಳಗೆ ತರುವುದು ನಮ್ಮ ಕೆಲಸವಾಗಿತ್ತು, ನನಗೆ ಕೆಳಗಿನ ರೂಮು ಬೇಡವಾಗಿತ್ತು ಎಂದು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. “ಅಂದ್ರ... ಕಾಯ್ದೆ ಇರ್ಲಿಲ್ಲೇನ್ರಿ?”

“ಇರಲಿಲ್ಲ.”

ಗೇಟಿನ ಸರಳು ಹಿಡಿದು ನಿಂತಳು. ಕೆಲಸದ ಮನೆಯಿಂದ ಫೋನ್ ಬರುತ್ತಲೇ ಇತ್ತು. ತೆಗೆಯಲಿಲ್ಲ.

“ಮೊದಮೊದಲ ಬಾಗಲಾ ಬಡೀತಿತ್ರಿ ಅದು. ಸಾಲೀಗ್ ಹೋಗ್ತೀನಿ ಅಂತ ಅಳ್ತಿತ್ತು. ಕಾಯ್ದೆ ಐತಿ, ಟೀಚರ್ ಹೇಳ್ಯಾರ ಅಂತ ಹೊಡದೀನ್ರಿ ನಾ.”

ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಹಿಡಿದಳು.

“ಹೊಡದಾಕಿ ನಾನು. ಈಗ ಅದಕ್ಕ ಏನಂತ ಹೇಳ್ಲಿರಿ ನಾ?”

ಬೈದದ್ದಲ್ಲ. ಕೇಳಿದ್ದು. ನನ್ನ ಮುಖ ನೋಡುತ್ತ, ಉತ್ತರಕ್ಕೆ ಕಾಯುತ್ತ ನಿಂತಳು. “ಅವಳಿಗೆ ನಾನೇ ಹೇಳ್ತೇನೆ” ಎಂದು ಕ್ಲಾಸಿನ ಕಡೆ ತಿರುಗಿದೆ.