ಅರ್ಧ ಮೀನು, ಅರ್ಧ ಪ್ಲಾಸ್ಟಿಕ್

೪ ನವೆಂಬರ್ ೨೦೨೫, ಸಂಜೆ
ಇವತ್ತೂ ಹಿತ್ತಲಲ್ಲಿ ಸ್ನಾನ. ರಾಯಾಪುರದ ಲ್ಯಾಬಿನಿಂದ ಬಂದವಳು ಮೈ ತೊಳೆಯದೆ ಅಡುಗೆಮನೆಗೆ ಕಾಲಿಡುವಂತಿಲ್ಲ — ಅತ್ತೆಯ ಕಾನೂನು. ಹಾಸಿಗೆ ಹಿಡಿದರೂ ಕಿವಿ ಚುರುಕು. "ಮೀನ ಹಿಚುಕಿದ ಕೈ ಅದು. ಒಲಿ ಮುಟ್ಟೀ ಮತ್ತ!"
ಹಿಚುಕುವುದಿಲ್ಲ. ಮೀನಿನ ಚರ್ಮದಿಂದ ಕೊಲಾಜೆನ್ ಎಂಬ ಪ್ರೋಟೀನ್ ತೆಗೆದು, ಪಾಲಿಮರ್ ಎಂಬ ಪ್ಲಾಸ್ಟಿಕ್ ಜೊತೆ ಬೆರೆಸಿ, ಕೂದಲಿಗಿಂತ ಸಣ್ಣ ಎಳೆಯಾಗಿ ನೂತು ಹಾಳೆ ಮಾಡುತ್ತೇನೆ. ಬರೀ ಪಾಲಿಮರ್‌ಗೆ ಜೀವಕೋಶ ಅಂಟುವುದಿಲ್ಲ. ಬರೀ ಕೊಲಾಜೆನ್ ಒದ್ದೆಯಾದರೆ ಅಂಬಲಿ. ಎರಡೂ ಸೇರಿದರೆ ಗಾಯದ ಮೇಲೆ ಹೊಸ ಚರ್ಮ ಬೆಳೆಯಲು ಆಧಾರ. ಇದನ್ನು ಅತ್ತೆಗೆ ಎಂದಾದರೂ ವಿವರಿಸಿದ್ದೇನೆಯೇ? ಇಲ್ಲ. "ಹೂಂ ರೀ" ಎಂದು ಬಕೆಟ್ ತುಂಬಿಸುತ್ತೇನೆ.

೭ ನವೆಂಬರ್
ಅತ್ತೆಯ ಹಿಮ್ಮಡಿಯ ಗಾಯ ಮೂಳೆಯ ಹತ್ತಿರ ಬಂದಿದೆ. ಶುಗರ್. ಡಾ. ಬಸವಕಿರಣ ನೇರ ಹೇಳಿದರು — ನಿಮ್ಮ ಲ್ಯಾಬಿನ ಹಾಳೆಯ ಟ್ರಯಲ್‌ಗೆ ಸೇರಿಸೋಣ, ಇಲ್ಲವಾದರೆ ಪಾದ ತೆಗೆಯಬೇಕಾದೀತು.
ಕಾರಿನಲ್ಲಿ ಗಂಡ ಅಮರೇಶ: "ಅವ್ವಗ ಪ್ಲಾಸ್ಟಿಕ್ ಅಂತ ಹೇಳೂಣು. ಅರ್ಧ ಖರೇನ ಐತಲ್ಲ."
"ಇನ್ನರ್ಧ?"
"ಈಜಿಕೊಂಡು ಹೋತು ಅನ್ನು." ನಕ್ಕ. ನಾನು ನಗಲಿಲ್ಲ.
ಹಾಳೆ ಯಾವುದರಿಂದ ಮಾಡಿದ್ದೆಂದು ರೋಗಿಗೆ ತಿಳಿಸಲೇಬೇಕು, ನಿಯಮ ಎಂದು ಜಗಳವಾಡಿದೆ. ಅದೇ ಹೊತ್ತಿಗೆ, ಕೇಳಿದಾಗ ಅತ್ತೆಯ ಮುಖ ಹೇಗಾಗಬಹುದೆಂದು ಊಹಿಸಿಕೊಳ್ಳುತ್ತಿದ್ದೆ...

೧೨ ನವೆಂಬರ್
ಆಸ್ಪತ್ರೆ. ಡಾಕ್ಟರ ಎದುರಿಗೇ ಹೇಳಿದೆ. ಮೀನು. ಅಮರೇಶ ಕಿಟಕಿಯತ್ತ ತಿರುಗಿದ.
ಅತ್ತೆ ಕೊರಳ ಲಿಂಗ ಹಿಡಿದು ಕಣ್ಣಿಗೊತ್ತಿಕೊಂಡರು. "ಆತು. ಶಿವಾ ಮಾಫ್ ಮಾಡ್ತಾನ. ಯಾರು ಮಾಡ್ಯಾರ ಇದನ್ನ?"
"ನಾನ ರೀ, ಅತ್ತಿ."
"ಹಂಗಾರ ಬ್ಯಾಡ."
"ಅವ್ವಾರ, ಕಾಲು ಹೋಗ್ತೈತ್ರಿ," ಎಂದರು ಡಾಕ್ಟರು.
"ಹೋಗ್ಲಿ ಬಿಡ್ರಿ. ಮೀನಿನ ಋಣ ಹೊರ್ತೇನಿ. ಇಕಿದು ಹೊತ್ತು ನಡ್ಯೂದು ನನ್ನಿಂದ ಆಗೂದಿಲ್ಲ."

೧೫ ನವೆಂಬರ್, ಬೆಳಿಗ್ಗೆ
ಅಮರೇಶ ಒಂದು ಸುಳ್ಳು ಹೆಣೆದಿದ್ದಾನೆ: ನನ್ನ ಜೂನಿಯರ್ ಪೂನಮ್ ಬೇರೆ ಹಾಳೆ ಮಾಡಿದ್ದಾಳೆ, ಅದನ್ನೇ ಹಾಕುತ್ತಾರೆ. ಅತ್ತೆ ಒಪ್ಪಿದ್ದಾರೆ. ಹಾಳೆ ನನ್ನದೇ.
"ನೀ ಬಾಯಿ ಮುಚ್ಚಿಕೊಂಡಿದ್ರ ಸಾಕು," ಎಂದ.
ಹೆಸರು ತಾನೇ. ಬಿಟ್ಟುಕೊಡಬಹುದು.

ಮಧ್ಯಾಹ್ನ
ಆಪರೇಷನ್‌ಗೆ ಒಯ್ಯುವ ಮುಂಚೆ ಅತ್ತೆ ನನ್ನ ಕೈ ಹಿಡಿದರು. ಎಂದೂ ನನ್ನನ್ನು ಮುಟ್ಟುವವರಲ್ಲ. "ಖರೇ ಹೇಳು. ನಿಂದಲ್ಲ, ಹೌದಿಲ್ಲೋ?"
ಅಲ್ಲ ಎನ್ನಬೇಕಿತ್ತು. ಅಷ್ಟೇ ಕೆಲಸ.
"ನಂದ ರೀ," ಅಂದೆ.
ಕೈ ಬಿಟ್ಟು, "ಬ್ಯಾಡ, ಹೊಳ್ಳಿ ಒಯ್ರಿ," ಎಂದರು. ಆಸ್ಪತ್ರೆಯವರು ಸ್ಟ್ರೆಚರ್ ವಾರ್ಡಿಗೆ ತಿರುಗಿಸಿದರು. ಅಮರೇಶ ಎಲ್ಲರೆದುರು ಕಿರುಚಿದ: "ಗೆದ್ದೀ? ಸಮಾಧಾನ ಆತ?"
ಸುಳ್ಳು ಹೇಳಲಾಗಲಿಲ್ಲ, ಎಂದೆ. ಹೇಳಬಹುದಿತ್ತು. ಆ ಕಾಲು ಉಳಿಯಲಿ ಎಂದು ನನಗೆ ನಿಜಕ್ಕೂ ಇದ್ದಿದ್ದರೆ —